ನೂರಕ್ಕೆ ತೊಂಬತ್ತೊಂಬತ್ತರ ಶಾಸನ

ಶತ್ರುವಿನ ಕ್ಷಿಪಣಿಯನ್ನು ನಡುದಾರಿಯಲ್ಲೇ ಹೊಡೆದುರುಳಿಸುವ ವಿದ್ಯೆ ಇಸ್ರೇಲಿನದಲ್ಲ, ಅಮೆರಿಕದ್ದಲ್ಲ, ರಷ್ಯದ್ದಂತೂ ಅಲ್ಲವೇ ಅಲ್ಲ. ಅದು ನಮ್ಮ ಬಾದಾಮಿಯ ಸರಕು. ಇಲ್ವಲನೆಂಬ ರಾಕ್ಷಸ ತನ್ನ ತಮ್ಮ ವಾತಾಪಿಯನ್ನು ಟಗರಾಗಿಸಿ, ಕೊಯ್ದು, ಬೇಯಿಸಿ, ಬಂದ ಅತಿಥಿಗೆ ಬಡಿಸುತ್ತಿದ್ದ. ಉಂಡು ಕೈತೊಳೆಯುವ ಹೊತ್ತಿಗೆ “ವಾತಾಪೀ, ಹೊರಗ ಬಾರೋ” ಎಂದು ಕೂಗುತ್ತಿದ್ದ. ತಮ್ಮ ಹೊಟ್ಟೆ ಸೀಳಿಕೊಂಡು ಹೊರಬರುತ್ತಿದ್ದ. ಗುರಿಯ ಒಳಗೇ ಹೊಕ್ಕು ಸಿಡಿಯುವ ಈ ಅಸ್ತ್ರಕ್ಕೆ ಎಷ್ಟೋ ಜನ ಬಲಿಯಾದ ಮೇಲೆ ಅಗಸ್ತ್ಯರು ಬಂದರು, ಉಂಡರು, ಹೊಟ್ಟೆ ಸವರಿಕೊಂಡು ‘ಜೀರ್ಣವಾಗು’ ಎಂದರು. ಇಲ್ವಲ ಕೂಗಿಯೇ ಕೂಗಿದ. ಬಂದದ್ದು ಒಂದು ತೇಗು ಮಾತ್ರ.

ಒಂದು ದಾಳಿ, ಒಂದು ತಡೆ, ನೂರಕ್ಕೆ ನೂರು. ಸಾಕ್ಷಿ ಬೇಕೆನ್ನುವವರು ಬಂದು ನೋಡಬಹುದು: ಊರಿನ ಹಳೆಯ ಹೆಸರು ವಾತಾಪಿ, ಕೆರೆಯ ಹೆಸರು ಅಗಸ್ತ್ಯತೀರ್ಥ. ವಾಟ್ಸಾಪಿನಲ್ಲಿ ಓಡಾಡುವ ಎಷ್ಟೋ ಇತಿಹಾಸಕ್ಕೆ ಇದರ ಅರ್ಧದಷ್ಟೂ ಸಾಕ್ಷಿ ಇರುವುದಿಲ್ಲ.

ಅಗಸ್ತ್ಯರ ಪದ್ಧತಿಯನ್ನು ಈಗಿನ ಎಂಜಿನಿಯರುಗಳು ಬಲು ಗೌರವದಿಂದ ಕಾಣಬೇಕು. ಏಕೆಂದರೆ ಬರುವ ಕ್ಷಿಪಣಿಯನ್ನು ಹೊಡೆಯಲು ಮೂರು ಕಡೆ ಅವಕಾಶವಿದೆ. ಅದು ಏಳುವಾಗಲೇ ಹೊಡೆಯಬೇಕೆಂದರೆ ಶತ್ರುವಿನ ಒಲೆಯ ಪಕ್ಕದಲ್ಲೇ ಕೂತಿರಬೇಕು. ಅದು ವಾತಾವರಣದಾಚೆ ಹಾರುವಾಗ ಹೊಡೆಯೋಣವೆಂದರೆ ಅಲ್ಲಿ ಗಾಳಿಯೇ ಇಲ್ಲ. ಗಾಳಿ ಇಲ್ಲದ ಕಡೆ ಹಗುರವಾದ ಬಲೂನೂ ಅಣುಸಿಡಿತಲೆಯೂ ಒಂದೇ ವೇಗದಲ್ಲಿ ಹಾರುತ್ತವೆ. ಪಾತ್ರೆಯಲ್ಲಿರುವ ತುಂಡುಗಳಲ್ಲಿ ವಾತಾಪಿ ಯಾವುದು, ಬರೀ ಕುರಿ ಯಾವುದು ಎಂದು ರೇಡಾರಿಗೆ ತಿಳಿಯುವುದಿಲ್ಲ. ಕಡೆಗೆ ಉಳಿಯುವುದು ತಲೆಯ ಮೇಲೆ ಬೀಳುವ ಗಳಿಗೆ. ಸಾವಿರಾರು ಕಿಲೋಮೀಟರಿನ ಪ್ರಯಾಣ ಮುಗಿಸಿ, ಸದ್ದಿನ ಹತ್ತಾರು ಪಟ್ಟು ವೇಗದಲ್ಲಿ ಇಳಿಯುವ ವಸ್ತುವಿಗೆ ಇನ್ನೊಂದು ವಸ್ತುವನ್ನು ಡಿಕ್ಕಿ ಹೊಡೆಸಬೇಕು. ಇರಾನಿನಿಂದ ಇಸ್ರೇಲಿಗೆ ಕ್ಷಿಪಣಿ ಸುಮಾರು ಹನ್ನೆರಡು ನಿಮಿಷದಲ್ಲಿ ಬರುತ್ತದೆ. ಅಷ್ಟರಲ್ಲಿ ಇಳಕಲ್ಲಿನಿಂದ ಹೊರಟ ಬಸ್ಸು ಹುನಗುಂದ ಮುಟ್ಟಿರುವುದಿಲ್ಲ.

ಹುನಗುಂದವೆಂದಾಗ ನೆನಪಾಯಿತು. 2025ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನ ಕಾದಾಡಿದ ಆ ನಾಲ್ಕು ರಾತ್ರಿ ಬಸ್ ನಿಲ್ದಾಣದ ಸುತ್ತಲಿನ ಚಾದ ಅಂಗಡಿಗಳಲ್ಲಿ ಮಿರ್ಚಿ ಭಜಿಗಿಂತ ರಕ್ಷಣಾ ತಜ್ಞರೇ ಬಿಸಿಯಾಗಿದ್ದರು. ಟಿವಿಯಲ್ಲಿ ಸೈರನ್ ಕೂಗುತ್ತಿತ್ತು. ಯುದ್ಧ ನಡೆಯುತ್ತಿದ್ದ ಪಂಜಾಬಿನಲ್ಲಿ ಕೂಗುತ್ತಿತ್ತೋ ಇಲ್ಲವೋ, ಸ್ಟುಡಿಯೋದಲ್ಲಂತೂ ಬಿಡದೆ ಕೂಗುತ್ತಿತ್ತು. ಮನರಂಜನೆಗೆ ಸೈರನ್ ಊದಿದರೆ ನಿಜದ ಸೈರನ್ನಿಗೆ ಜನ ಏಳುವುದಿಲ್ಲ, ದಯವಿಟ್ಟು ನಿಲ್ಲಿಸಿ ಎಂದು ಕೇಂದ್ರ ಸರ್ಕಾರವೇ ವಾಹಿನಿಗಳಿಗೆ ಸೂಚನೆ ಹೊರಡಿಸಬೇಕಾಯಿತು. ಕೆಲವು ವಾಹಿನಿಗಳು ರಾತ್ರಿ ಕರಾಚಿ ಬಂದರನ್ನು ಸುಟ್ಟು ಬೂದಿ ಮಾಡಿದ್ದವು. ಬೆಳಿಗ್ಗೆ ನೋಡಿದರೆ ಅದು ಅಲ್ಲೇ ಇತ್ತು.

“ಕಾಕಾ, ಮಿಸೈಲ್ ಬಂದ್ರ ನಮ್ಮವರು ತಡೀತಾರೇನ್ರೀ?” ಎಂದು ಕಾಲೇಜು ಹುಡುಗನೊಬ್ಬ ಕೇಳಿದ.

ಭಜಿ ಕರಿಯುತ್ತಿದ್ದ ಅಂಗಡಿಯ ಕಾಕಾ ಸೌಟು ಕೆಳಗಿಡಲಿಲ್ಲ. “ಬರ್ಲಿ ಬಿಡೋ ತಮ್ಮಾ. ಹುನಗುಂದಕ್ಕ ಟೈಮಿಗೆ ಸರಿಯಾಗಿ ಬಂದದ್ದು ಯಾವ್ದೈತಿ?”

“ಅಲ್ರೀ, ಆಲಮಟ್ಟಿ ಡ್ಯಾಮಿಗೆ ಹೊಡದ್ರ?”

“ಡ್ಯಾಮ್ ಇದ್ದಾಗ ಮುಳುಗಿದವ್ರು ನಾವು. ಒಡದ್ರ ಮತ್ತ ಮುಳುಗ್ತೀವಿ. ಹೊಸಾದೇನೈತಿ ಅದ್ರಾಗ?”

ಈ ಮಾತಿಗೆ ಯಾವ ರಕ್ಷಣಾ ತಜ್ಞನ ಬಳಿಯೂ ಉತ್ತರವಿಲ್ಲ. ಮೇ 7ರಂದು ನಾಗರಿಕ ರಕ್ಷಣೆಯ ಅಣಕು ಕವಾಯತಿಗೆಂದು ದೇಶದ 244 ಜಿಲ್ಲೆಗಳನ್ನು ಕೇಂದ್ರ ಪಟ್ಟಿ ಮಾಡಿತ್ತು. ನಮ್ಮ ರಾಜ್ಯದಿಂದ ಬೆಂಗಳೂರು, ರಾಯಚೂರು ಮುಂತಾದ ಹೆಸರು ಕೇಳಿಬಂದವು. ಬಾಗಲಕೋಟೆಯ ಹೆಸರಿರಲಿಲ್ಲ. ಅಣಕಿಸುವುದಕ್ಕೂ ಯೋಗ್ಯತೆ ಬೇಕಲ್ಲ! ಕೆಲವರಿಗೆ ಇದು ಬೇಸರ ತಂದಿತು. ಶತ್ರು ಲೆಕ್ಕಕ್ಕೆ ಹಿಡಿಯದಿದ್ದರೆ ಹೋಗಲಿ, ನಮ್ಮವರಾದರೂ ಹಿಡಿಯಬಾರದೆ ಎಂದರು.

ಆದರೂ ಈ ಶಾಸ್ತ್ರದಲ್ಲಿ ನಮಗೊಂದು ಪಾಲಿದೆ, ಅದನ್ನು ಬಿಟ್ಟುಕೊಡಕೂಡದು. ಕ್ಷಿಪಣಿ ತಡೆಯುವ ಕೆಲಸದಲ್ಲಿ ಅರ್ಧ ಎಂಜಿನಿಯರಿಂಗ್, ಇನ್ನರ್ಧ ಪ್ರಶಸ್ತಿ, ಅಂದರೆ ಗೆಲುವಿನ ಹೊಗಳಿಕೆ, ಬರೆಯುವುದು. ಆ ಎರಡನೆಯ ಅರ್ಧದ ತವರು ಹುನಗುಂದ ತಾಲ್ಲೂಕಿನ ಐಹೊಳೆ. ಮೇಗುತಿ ಗುಡ್ಡದ ಜೈನ ಬಸದಿಯ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಕೊರೆಸಿದ. ನರ್ಮದೆಯ ತೀರದಲ್ಲಿ ಹರ್ಷನಂಥ ಹರ್ಷನನ್ನು ತಡೆದದ್ದು ಅಲ್ಲಿದೆ, ಪಲ್ಲವರ ದೊರೆ ಚಾಲುಕ್ಯ ಸೇನೆಯ ಧೂಳಿಗೆ ಮಂಕಾಗಿ ಕಂಚಿಯ ಕೋಟೆಗೋಡೆಯ ಹಿಂದೆ ಅವಿತದ್ದೂ ಅಲ್ಲಿದೆ. ಕವಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡದ್ದೂ ಅಲ್ಲೇ. ವಕ್ತಾರನಾದವನಿಗೆ ಅಷ್ಟು ಆತ್ಮವಿಶ್ವಾಸ ಬೇಕೇ ಬೇಕು.

ಎಂಟು ವರ್ಷ ಕಳೆಯಿತು. 642ರಲ್ಲಿ ಅದೇ ಪಲ್ಲವರ ನರಸಿಂಹವರ್ಮ ಬಾದಾಮಿಯೊಳಗಿದ್ದ. ಪುಲಕೇಶಿ ಇರಲಿಲ್ಲ. ನರಸಿಂಹವರ್ಮನೂ ಸುಮ್ಮನೆ ಹೋಗಲಿಲ್ಲ, ಬಾದಾಮಿಯ ಬಂಡೆಯ ಮೇಲೆಯೇ ತನ್ನ ಶಾಸನ ಕೊರೆಸಿ ಹೋದ. ಸವೆದರೂ ಅದು ಇಂದಿಗೂ ಇದೆ. ಒಂದು ಶತಮಾನದ ಮೇಲೆ ನಮ್ಮ ಇಮ್ಮಡಿ ವಿಕ್ರಮಾದಿತ್ಯ ಕಂಚಿಗೆ ನುಗ್ಗಿ, ಅಲ್ಲಿನ ಕೈಲಾಸನಾಥ ದೇಗುಲದಲ್ಲಿ ಕನ್ನಡದಲ್ಲೇ ಬರೆಸಿ ಲೆಕ್ಕ ಚುಕ್ತಾ ಮಾಡಿದ. ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಗುಡಿಯನ್ನೇ ಕಟ್ಟಿಸಿದಳು. ಆ ಗುಡಿ ಬಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ತಡೆದದ್ದನ್ನೆಲ್ಲ ನಾವು ಕೊರೆಸುತ್ತೇವೆ, ತಡೆಯಲಾಗದೆ ಒಳಗೆ ಬಂದದ್ದನ್ನು ವೈರಿ ಬಂದು ಕೊರೆಸಬೇಕು. ಇದು ಏಳನೆಯ ಶತಮಾನದಿಂದ ನಡೆದುಬಂದ ಪದ್ಧತಿ.

ಅಮೆರಿಕದವರು ಇದನ್ನು ತಡವಾಗಿ ಕಲಿತರು. 1991ರ ಕೊಲ್ಲಿ ಯುದ್ಧದಲ್ಲಿ ಸದ್ದಾಮನ ಸ್ಕಡ್‌ಗಳನ್ನು ಪೇಟ್ರಿಯಟ್ ಕ್ಷಿಪಣಿಗಳು ತಡೆಯುತ್ತಿವೆ ಎಂದು ಟಿವಿ ತೋರಿಸುತ್ತಿತ್ತು. ಫೆಬ್ರುವರಿ 15ರಂದು ಅಧ್ಯಕ್ಷ ಜಾರ್ಜ್ ಬುಷ್ ಪೇಟ್ರಿಯಟ್ ತಯಾರಿಸುವ ಕಾರ್ಖಾನೆಗೇ ಹೋಗಿ ನಿಂತು, 42ರಲ್ಲಿ 41 ಎಂದು ಅಂಕ ಕೊಟ್ಟರು. ಹತ್ತು ದಿನ ಕಳೆದ ಮೇಲೆ ಸೌದಿಯ ಧಹ್ರಾನ್‌ನಲ್ಲಿ ಒಂದು ಸ್ಕಡ್ ಸೈನಿಕರ ವಸತಿಯ ಮೇಲೆ ಬಿದ್ದು 28 ಅಮೆರಿಕನ್ನರು ಸತ್ತರು. ಕಾವಲಿಗಿದ್ದ ಪೇಟ್ರಿಯಟ್ ಹಾರಲೇ ಇಲ್ಲ. ಯಂತ್ರವನ್ನು ಬಂದ್ ಮಾಡದೆ ನೂರು ಗಂಟೆ ಓಡಿಸಿದ್ದರಿಂದ ಅದರೊಳಗಿನ ಗಡಿಯಾರ ಒಂದು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಪ್ಪಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರ್ ದಾಟಿಬಿಡುತ್ತದೆ. ರೇಡಾರ್ ಖಾಲಿ ಆಕಾಶವನ್ನು ನೋಡಿತು, ಏನೂ ಇಲ್ಲವೆಂದು ತೀರ್ಮಾನಿಸಿತು. ಹೆಚ್ಚು ಹೊತ್ತು ಓಡಿಸಿದರೆ ಗುರಿ ಕೆಡುತ್ತದೆ ಎಂದು ಇಸ್ರೇಲಿಗಳು ಎರಡು ವಾರ ಮೊದಲೇ ಎಚ್ಚರಿಸಿದ್ದರು. ತಿದ್ದಿದ ಸಾಫ್ಟ್‌ವೇರ್ ಧಹ್ರಾನ್ ತಲುಪಿದ್ದು ಮರುದಿನ, ಫೆಬ್ರುವರಿ 26ಕ್ಕೆ. ಬಾಗಲಕೋಟೆಯ ಯಾವ ಮೊಬೈಲ್ ರಿಪೇರಿ ಅಂಗಡಿಯವನನ್ನು ಕೇಳಿದ್ದರೂ “ಒಂದ್ಸಲ ಆಫ್ ಮಾಡಿ ಆನ್ ಮಾಡ್ರಿ ಸರ” ಅನ್ನುತ್ತಿದ್ದ, ಅದೂ ಪುಕ್ಕಟೆ.

ಯುದ್ಧ ಮುಗಿದ ಮೇಲೆ ಎಂಐಟಿಯ ಥಿಯೊಡೋರ್ ಪೋಸ್ಟೋಲ್ ಎಂಬ ಪ್ರಾಧ್ಯಾಪಕರು ಟಿವಿಯ ಚಿತ್ರಗಳನ್ನು ಒಂದೊಂದಾಗಿ ನೋಡಿ, ಢಿಕ್ಕಿ ಆದದ್ದೇ ಕಾಣಿಸುವುದಿಲ್ಲವಲ್ಲ ಎಂದರು. ಅಮೆರಿಕದ ಸೇನೆ ತನ್ನ ಅಂಕವನ್ನು ತಾನೇ ಇಳಿಸಿತು. ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧಕರು 1992ರಲ್ಲಿ ಪರೀಕ್ಷಿಸಿದಾಗ, ಗಟ್ಟಿ ಸಾಕ್ಷಿ ಸಿಕ್ಕಿದ್ದು ಹೆಚ್ಚುಕಮ್ಮಿ ನೂರಕ್ಕೆ ಒಂಬತ್ತು ಹೊಡೆತಗಳಿಗೆ. ತೊಂಬತ್ತೇಳರಿಂದ ಒಂಬತ್ತಕ್ಕೆ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ ಅಂಕ ಕಳೆದುಕೊಂಡವರ ಸಂಕಟ ನಮ್ಮ ಪಿಯುಸಿ ಮಕ್ಕಳಿಗೆ ಗೊತ್ತು.

ಹಾಗಂತ ಇದೆಲ್ಲ ಬರೀ ಬುರುಡೆಯಲ್ಲ. ಮೂವತ್ತು ವರ್ಷದಲ್ಲಿ ಯಂತ್ರಗಳು ನಿಜಕ್ಕೂ ಸುಧಾರಿಸಿವೆ. 2011ರಿಂದ ಕೆಲಸ ಮಾಡುತ್ತಿರುವ ಇಸ್ರೇಲಿನ ‘ಐರನ್ ಡೋಮ್’ ಸಾವಿರಾರು ರಾಕೆಟ್‌ಗಳನ್ನು ಆಕಾಶದಲ್ಲೇ ಸುಟ್ಟಿದೆ, ಜನ ಬದುಕಿದ್ದಾರೆ. 2024ರ ಏಪ್ರಿಲ್‌ನಲ್ಲಿ ಇರಾನ್ ಒಂದೇ ರಾತ್ರಿ ಮುನ್ನೂರಕ್ಕೂ ಹೆಚ್ಚು ಡ್ರೋನು, ಕ್ಷಿಪಣಿಗಳನ್ನು ಬಿಟ್ಟಾಗ ಅಮೆರಿಕ, ಬ್ರಿಟನ್, ಫ್ರಾನ್ಸ್, ಜೋರ್ಡಾನ್ ಎಲ್ಲರೂ ಕೈಹಚ್ಚಿ ಹೊಡೆದುರುಳಿಸಿದರು. ನೂರಕ್ಕೆ 99 ಎಂದು ಇಸ್ರೇಲ್ ಘೋಷಿಸಿತು. ಇರಾನ್ ವಾರಗಟ್ಟಲೆ ಮೊದಲೇ ಗುರುಗುಟ್ಟಿ, ನಿಧಾನವಾಗಿ ತೇಲಿ ಬರುವ ಡ್ರೋನುಗಳನ್ನು ಮುಂದೆ ಕಳಿಸಿತ್ತು ಎಂಬುದು ಅಡಿಟಿಪ್ಪಣಿ. ಅಕ್ಟೋಬರಿನಲ್ಲಿ ಡ್ರೋನಿಲ್ಲದೆ ಸುಮಾರು ಇನ್ನೂರು ಕ್ಷಿಪಣಿಗಳನ್ನೇ ಬಿಟ್ಟಾಗ ಹಲವು ನೆವಾಟಿಮ್ ವಾಯುನೆಲೆಯೊಳಗೇ ಬಿದ್ದವು. 2025ರ ಜೂನ್‌ನ ಹನ್ನೆರಡು ದಿನಗಳ ಯುದ್ಧದ ಹೊತ್ತಿಗೆ 99 ಇದ್ದದ್ದು 86ಕ್ಕೆ ಇಳಿದಿತ್ತು. ಆ ಹದಿನಾಲ್ಕರೊಳಗೆ ಸುಮಾರು ಮೂವತ್ತು ಜನರ ಹೆಣವಿತ್ತು.

ಏಪ್ರಿಲಿನ ಆ ಯಶಸ್ವೀ ರಾತ್ರಿಯಲ್ಲಿ ತೀವ್ರವಾಗಿ ಗಾಯಗೊಂಡದ್ದು ಒಂದೇ ಒಂದು ಜೀವ, ನೆಗೆವ್ ಮರುಭೂಮಿಯ ಏಳು ವರ್ಷದ ಬೆದೂಯಿನ್ ಬಾಲಕಿ. ಅವಳ ಮೇಲೆ ಬಿದ್ದದ್ದು ಹೊಡೆದುರುಳಿಸಿದ ಕ್ಷಿಪಣಿಯ ಚೂರು. ಅಂದರೆ ಅವಳು ತಪ್ಪಿಹೋದ ಒಂದರ ಲೆಕ್ಕದಲ್ಲಿಲ್ಲ, ಯಶಸ್ವಿಯಾದ ತೊಂಬತ್ತೊಂಬತ್ತರ ಲೆಕ್ಕದಲ್ಲಿದ್ದಾಳೆ. ಐರನ್ ಡೋಮಿನ ಜಾಣತನ ಎಲ್ಲಿದೆಯೆಂದರೆ, ಬರುವ ರಾಕೆಟ್ ಎಲ್ಲಿ ಬೀಳುತ್ತದೆಂದು ಮೊದಲು ಲೆಕ್ಕ ಹಾಕುತ್ತದೆ. ಊರ ಮೇಲಾದರೆ ಹೊಡೆಯುತ್ತದೆ, ಬಯಲಿಗಾದರೆ ಬಿಡುತ್ತದೆ. ಹತ್ತಾರು ಸಾವಿರ ಡಾಲರಿನ ಬಾಣವನ್ನು ಬಯಲಿಗೆ ಯಾರು ಸುರಿಯುತ್ತಾರೆ? ಸರಿಯಾದ ಲೆಕ್ಕವೇ. ಆದರೆ ಸರ್ಕಾರದ ಕಾಗದದಲ್ಲಿ ಊರೆಂದು ದಾಖಲಾಗದ ಬೆದೂಯಿನ್ ಹಳ್ಳಿಗಳು ಆ ಯಂತ್ರದ ನಕ್ಷೆಯಲ್ಲಿಯೂ ಬಯಲೇ. ಕ್ಷಿಪಣಿ ತಡೆಯಬಹುದೇ ಎಂದು ಕೇಳುವವರು ಈ ನಕ್ಷೆಯನ್ನೊಮ್ಮೆ ಕೇಳಿ ಪಡೆಯಬೇಕು.

ನಮ್ಮ ಕಡೆ ಬರೋಣ. 2025ರ ಮೇ 8ರ ರಾತ್ರಿ ಪಾಕಿಸ್ತಾನ 36 ಕಡೆ 300ರಿಂದ 400 ಡ್ರೋನ್ ಬಿಟ್ಟಿತೆಂದು ದೇಶಕ್ಕೆ ತಿಳಿಸಿದವರು ಪಕ್ಕದ ಗೋಕಾಕ ಸೀಮೆಯ ಸೊಸೆ ಕರ್ನಲ್ ಸೋಫಿಯಾ ಖುರೇಶಿ. ಆ ಡ್ರೋನುಗಳಲ್ಲಿ ಎಷ್ಟನ್ನೋ ಹೊಡೆದದ್ದು ಕೋಟಿಗಟ್ಟಲೆಯ ಕ್ಷಿಪಣಿಯಲ್ಲ, ಅಜ್ಜನ ಕಾಲದ ಎಲ್-70 ಫಿರಂಗಿ. ಹೊಸ ರೇಡಾರ್ ಕಟ್ಟಿಸಿಕೊಂಡ ಮುದುಕ ಎದ್ದು ನಿಂತದ್ದು ನನಗೆ ಇಡೀ ಯುದ್ಧದಲ್ಲೇ ಹೆಚ್ಚು ಹಿಡಿಸಿದ ಸುದ್ದಿ. 1983ರಲ್ಲಿ ಶುರುವಾದ ಯೋಜನೆಯ ಕೂಸು ‘ಆಕಾಶ್’ ಕ್ಷಿಪಣಿಯೂ, ಬೆಂಗಳೂರಿನ ಬಿಇಎಲ್ ಕಟ್ಟಿದ ‘ಆಕಾಶ್‌ತೀರ್’ ಜಾಲವೂ ಕೆಲಸ ಮಾಡಿದವು. ರಷ್ಯದಿಂದ ತಂದ ಎಸ್-400ಅನ್ನು ಆದಂಪುರದಲ್ಲಿ ನಾಶ ಮಾಡಿದೆವೆಂದು ಪಾಕಿಸ್ತಾನ ಕೊರೆಸಿತು. ಮೇ 13ರಂದು ಪ್ರಧಾನಿ ಅದೇ ಎಸ್-400ರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಪ್ರಶಸ್ತಿಗೆ ಪ್ರಶಸ್ತಿ, ಈ ಸಲ ಚಿತ್ರಸಹಿತ.

ಆದರೆ ಪೂಂಛ್‌ನಲ್ಲಿ ಹತ್ತಕ್ಕೂ ಹೆಚ್ಚು ನಾಗರಿಕರು ಸತ್ತರಲ್ಲ, ಅವರನ್ನು ಕೊಂದದ್ದು ಕ್ಷಿಪಣಿಯಲ್ಲ, ಗಡಿಯಾಚೆಯಿಂದ ಬಂದ ಫಿರಂಗಿ ಗುಂಡು. ನೂರಾರು ಕಿಲೋಮೀಟರ್ ದೂರದ ವಿಮಾನವನ್ನು ಕಾಣುವ ಎಸ್-400ಕ್ಕೆ ಅದು ಕಾಣುವುದಿಲ್ಲ, ಕಂಡರೂ ಅದರ ಕೆಲಸವಲ್ಲ. ಕೊತ್ವಾಲನಿದ್ದಾನೆಂದು ಜೇಬುಗಳ್ಳನಿಗೆ ಭಯವಿಲ್ಲ. ಗಡಿಯ ಹಳ್ಳಿಯವರು ಕೇಳುತ್ತಿರುವುದು ಬಂಕರ್, ಅಂದರೆ ನೆಲದೊಳಗೊಂದು ಕೋಣೆ. ಅದಕ್ಕೆ ದೊಡ್ಡ ಹೆಸರೂ ಇಲ್ಲ, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ ಚೆಂದವೂ ಬರುವುದಿಲ್ಲ.

ಇನ್ನು ಪಾಕಿಸ್ತಾನದ ತಡೆಗೋಡೆಯ ಪರೀಕ್ಷೆಯನ್ನು ನಾವೇ ಮಾಡಿಕೊಟ್ಟದ್ದುಂಟು, 2022ರ ಮಾರ್ಚ್ 9ರಂದು, ಅರಿಯದೆ. ಒಂದು ಬ್ರಹ್ಮೋಸ್ ಕೈತಪ್ಪಿ ಹಾರಿ, ಗಡಿ ದಾಟಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಒಳಗೆ ಮಿಯಾಂ ಚನ್ನು ಎಂಬಲ್ಲಿ ಬಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ನಾವು ವಿಷಾದಿಸಿದೆವು, ಮೂವರು ಅಧಿಕಾರಿಗಳು ಕೆಲಸ ಕಳೆದುಕೊಂಡರು. ಪಾಕಿಸ್ತಾನ ಹೇಳಿದ್ದು: ಅದು ಹೊರಟಾಗಿನಿಂದ ಬೀಳುವ ತನಕ ನಾವು ನೋಡುತ್ತಲೇ ಇದ್ದೆವು. ನೋಡುತ್ತಲೇ ಇದ್ದರು! ಎರಡು ಅಣ್ವಸ್ತ್ರ ದೇಶಗಳ ನಡುವೆ ಒಂದು ಕ್ಷಿಪಣಿ ತಪ್ಪಿ ಹಾರಿತು, ಯಾರೂ ತಡೆಯಲಿಲ್ಲ, ಯಾರೂ ತಿರುಗಿ ಹೊಡೆಯಲೂ ಇಲ್ಲ. ಉಪಖಂಡ ಉಳಿದದ್ದು ಆ ದಿನ ಯಾರೂ ಪ್ರಶಸ್ತಿ ಬರೆಯಲು ಕೂರಲಿಲ್ಲವೆಂಬ ಕಾರಣಕ್ಕೆ.

ಖರ್ಚಿನ ಮಾತು ಕೇಳಿದರೆ ಸಾಹುಕಾರರೂ ಬೆವರುತ್ತಾರೆ. ಕೆಂಪು ಸಮುದ್ರದಲ್ಲಿ ಹೂಥಿಗಳ ಕೆಲವೇ ಸಾವಿರ ಡಾಲರಿನ ಡ್ರೋನನ್ನು ಬೀಳಿಸಲು ಅಮೆರಿಕದ ನೌಕೆಗಳು ಇಪ್ಪತ್ತು ಲಕ್ಷ ಡಾಲರಿನ ಕ್ಷಿಪಣಿ ಹಾರಿಸಿದವು. ಹೊಸ ಪೇಟ್ರಿಯಟ್ ಒಂದಕ್ಕೆ ಸುಮಾರು ನಲವತ್ತು ಲಕ್ಷ ಡಾಲರ್. ಬತ್ತಳಿಕೆಯಲ್ಲಿರುವ ಬಾಣ ಮುಗಿದ ಮೇಲೆ ಬಂದದ್ದೇ ದಾರಿ. ಬಾದಾಮಿಯ ಗುಹೆಗಳ ಮೆಟ್ಟಿಲ ಮೇಲಿನ ಮಂಗಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಳೆಹಣ್ಣು ಹಿಡಿದ ಒಬ್ಬನೇ ಪ್ರವಾಸಿ ಬಂದರೆ ಹಣ್ಣು ಮೂರನೇ ಮೆಟ್ಟಿಲು ದಾಟುವುದಿಲ್ಲ. ಶಾಲಾ ಪ್ರವಾಸದ ನಾಲ್ಕು ಬಸ್ಸು ಒಮ್ಮೆಲೇ ಖಾಲಿಯಾದರೆ ಮಂಗಗಳೇ ತಬ್ಬಿಬ್ಬಾಗಿ ಬಂಡೆ ಏರುತ್ತವೆ.

ಆದರೂ ಯಾರೂ ನಿಲ್ಲಿಸುತ್ತಿಲ್ಲ. 2025ರ ಮೇ ತಿಂಗಳಲ್ಲಿ ಟ್ರಂಪ್ 17,500 ಕೋಟಿ ಡಾಲರಿನ ‘ಗೋಲ್ಡನ್ ಡೋಮ್’ ಘೋಷಿಸಿ, ಹೆಚ್ಚುಕಡಿಮೆ ನೂರಕ್ಕೆ ನೂರು ಎಂದು ಕಟ್ಟುವ ಮೊದಲೇ ಅಂಕ ಹಾಕಿಕೊಂಡರು. ರವಿಕೀರ್ತಿ ಕೂಡ ಯುದ್ಧ ಮುಗಿಯುವ ತನಕ ಕಾದಿದ್ದ. ನಮ್ಮ ಪ್ರಧಾನಿ ಅದೇ ಆಗಸ್ಟ್ 15ರಂದು ಕೆಂಪುಕೋಟೆಯಿಂದ ‘ಸುದರ್ಶನ ಚಕ್ರ’ ಯೋಜನೆ ಸಾರಿದರು. 2035ರ ಹೊತ್ತಿಗೆ ಆಸ್ಪತ್ರೆ, ರೈಲ್ವೆ, ಶ್ರದ್ಧಾಕೇಂದ್ರಗಳಿಗೆಲ್ಲ ಕವಚವಂತೆ. ಶ್ರದ್ಧಾಕೇಂದ್ರದ ಲೆಕ್ಕದಲ್ಲಿ ನಮಗೆ ಚಿಂತೆಯಿಲ್ಲ. ಬನಶಂಕರಿ ಇದ್ದಾಳೆ, ಕೂಡಲಸಂಗಮವಿದೆ, ಗುಡಿಯಿಲ್ಲದ ಹಳ್ಳಿ ಹುಡುಕಿದರೂ ಸಿಗದು, ಹಾಗಾಗಿ ಇಡೀ ಜಿಲ್ಲೆ ಚಕ್ರದ ನೆರಳಲ್ಲೇ ಬರಬೇಕು. ರೈಲ್ವೆಯದ್ದು ಮಾತ್ರ ಸ್ವಲ್ಪ ತೊಡಕು. 142 ಕಿಲೋಮೀಟರಿನ ಬಾಗಲಕೋಟೆ–ಕುಡಚಿ ಮಾರ್ಗ ಹದಿನೈದು ವರ್ಷ ದಾಟಿದರೂ ಕುಡಚಿ ಕಂಡಿಲ್ಲ. ಶತ್ರುವಿನ ಉಪಗ್ರಹಕ್ಕೆ ಇಂಥ ಗುರಿ ಕಾಣುವುದು ಕಷ್ಟ. ಇಲ್ಲದ ಹಳಿಯನ್ನು ಯಾವ ಕ್ಷಿಪಣಿಯೂ ಮುರಿಯಲಾರದು, ಇದಕ್ಕಿಂತ ಅಗ್ಗದ ರಕ್ಷಣಾ ವ್ಯವಸ್ಥೆ ಎಸ್-400 ಮಾಡಿದವರಿಗೂ ಹೊಳೆದಿಲ್ಲ.

ಹನ್ನೆರಡು ನಿಮಿಷದಲ್ಲಿ ಬರುವುದನ್ನು ತಡೆಯುವ ಮಾತಾಯಿತು. ಹನ್ನೆರಡು ತಾಸಿನಲ್ಲಿ, ಹನ್ನೆರಡು ವರ್ಷದಲ್ಲಿ ಬರುವುದರ ಕತೆ? ಆಲಮಟ್ಟಿಗೆ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರಲ್ಲಿ. ಹಿನ್ನೀರು ಯಾವ ಊರಿಗೆ, ಯಾವ ಓಣಿಗೆ, ಯಾರ ಪಡಸಾಲೆಗೆ ಬರುತ್ತದೆಂಬುದು ಸರ್ವೆ ನಂಬರ್ ಸಹಿತ ಗೊತ್ತಿತ್ತು. ಗುರಿ, ವೇಗ, ಎತ್ತರ ಎಲ್ಲವನ್ನೂ ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಿ ಬಂದ ದಾಳಿ ಜಗತ್ತಿನಲ್ಲಿ ಇನ್ನೊಂದಿರಲಾರದು. ಆದರೂ ಹಳೆ ಬಾಗಲಕೋಟೆಯ ಅರ್ಧ ಊರು ನವನಗರಕ್ಕೆ ಹೋದದ್ದು ಮನೆಗೊಂದು ಕೋರ್ಟ್ ಕೇಸು ಕಟ್ಟಿಕೊಂಡೇ. ಈಗ ನೀರು ನಿಲ್ಲಿಸುವ ಗರಿಷ್ಠ ಮಟ್ಟ 519.6 ಮೀಟರ್. ಕೃಷ್ಣಾ ಜಲವಿವಾದ ನ್ಯಾಯಾಧಿಕರಣ 2010ರಲ್ಲಿ ಒಪ್ಪಿದ ಎತ್ತರ 524.256. ದಶಮಾಂಶದ ಮೂರನೇ ಸ್ಥಾನದ ತನಕ ನಿಖರ! ಪೇಟ್ರಿಯಟ್ಟಿನ ಗಡಿಯಾರಕ್ಕೂ ಇಷ್ಟು ನಿಖರತೆ ಇರಲಿಲ್ಲ. ಪರಿಹಾರದ ತಾರೀಖು ಕೇಳಿ ನೋಡಿ, ಅಲ್ಲಿ ಪೂರ್ಣಾಂಕವೂ ಸಿಗುವುದಿಲ್ಲ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗಲೂ ಹೀಗೇ. ನವಿಲುತೀರ್ಥದಿಂದ ಬಿಟ್ಟ ನೀರು ಪಟ್ಟದಕಲ್ಲು ಮುಟ್ಟಲು ತಾಸುಗಟ್ಟಲೆ ಬೇಕು. ಮುಟ್ಟಿತು. ಪಲ್ಲವರ ಮೇಲಿನ ಜಯಕ್ಕೆಂದು ಕಟ್ಟಿದ ಗುಡಿಯ ಅಂಗಳದಲ್ಲಿ ನೀರು ನಿಂತಿತು. ರೇಡಾರ್ ಬೇಕಿರಲಿಲ್ಲ, ಉಪಗ್ರಹ ಬೇಕಿರಲಿಲ್ಲ, ಒಂದು ಫೋನು ಸಾಕಿತ್ತು. ಆಮೇಲೆ ಮಂತ್ರಿಗಳು ಬಂದರು, ನೋಡುತ್ತಲೇ ಇದ್ದರು. ಯಾರದೋ ನಕ್ಷೆಯಲ್ಲಿ ನಾವೂ ಬಯಲೇ ಇರಬೇಕು.

ಇಷ್ಟೆಲ್ಲ ಹೇಳಿದವನು ಒಂದು ಯೋಜನೆಯನ್ನೂ ಕೊಡದಿದ್ದರೆ ಅಂಕಣಕಾರನಿಗೂ ವಿರೋಧ ಪಕ್ಷಕ್ಕೂ ವ್ಯತ್ಯಾಸವಿರುವುದಿಲ್ಲ. ಇಳಕಲ್ಲಿನ ಮಹಾಂತ ಸ್ವಾಮೀಜಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋಗಿ, ‘ನಿಮ್ಮ ಚಟಗಳನ್ನು ಇದರಲ್ಲಿ ಹಾಕಿರಿ’ ಎಂದು ಬೇಡುತ್ತಿದ್ದರು. ಜನ ಸೆರೆ, ಬೀಡಿ, ಗುಟ್ಕಾ ಹಾಕಿ ಕೈಮುಗಿದರು. ಅವರ ಜನ್ಮದಿನ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ಜೋಳಿಗೆಯನ್ನು ಒಮ್ಮೆ ಟೆಹರಾನ್, ಟೆಲ್ ಅವೀವ್, ಇಸ್ಲಾಮಾಬಾದ್, ದೆಹಲಿ, ವಾಷಿಂಗ್ಟನ್‌ಗೆ ಒಯ್ಯಬೇಕು. ಮೇಲೇರುವ ಮೊದಲೇ ತಡೆಯುವುದು ಎಲ್ಲಕ್ಕಿಂತ ಕಷ್ಟವೆನ್ನುತ್ತಾರಲ್ಲ ಎಂಜಿನಿಯರುಗಳು, ಇದು ಆ ಹಂತದ್ದೇ.

ಯೋಜನೆಯನ್ನು ಕಾಕಾನ ಮುಂದಿಟ್ಟೆ. ಎಣ್ಣೆಗೆ ಇನ್ನೊಂದು ಘಾಣ ಬಿಟ್ಟು ಯೋಚಿಸಿದರು. “ಚೊಲೊ ಐತ್ರಿ. ಆದ್ರ ಜೋಳಿಗಿ ದೊಡ್ಡದು ಬೇಕಾಗ್ತೈತಿ. ಇಳಕಲ್ಲಾಗ ನೇಕಾರರಿಗೆ ಹೇಳಿ ನೇಸ್ರಿ, ಕೊಂಡಿ ಗಟ್ಟಿ ಇರ್ಲಿ. ಟೆಂಡರ್ ಮಾತ್ರ ಕರೀಬ್ಯಾಡ್ರಿ. ಕರದ್ರ 2035 ಆಗ್ತೈತಿ.”